ಹಿಮಕ್ಕೆ ಕಾದ ಊರಿಗೆ ಮಂಜುಗಡ್ಡೆ ಬಂದಾಗ: ಹವಾಮಾನ ಆಸಕ್ತರ ಗುಂಪೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಅಮೆರಿಕದ ಪೂರ್ವ ಭಾಗದಲ್ಲಿ, ಅಪಲೇಚಿಯನ್ ಬೆಟ್ಟಸಾಲಿನ ಪೂರ್ವ ತಪ್ಪಲಿಗೆ ಸೇರಿದ ಕೌಂಟಿಯೊಂದರಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ), ಹವಾಮಾನದ ಬಗ್ಗೆ ತೀವ್ರ ಆಸಕ್ತಿಯುಳ್ಳ ಕೆಲವರು ಹಲವು ಚಳಿಗಾಲಗಳಿಂದ ಒಟ್ಟಾಗಿ ಬಿರುಗಾಳಿಗಳ ಜಾಡು ಹಿಡಿಯುತ್ತ ಬಂದಿದ್ದಾರೆ. ಅವರಲ್ಲಿ ಯಾರೂ ವೃತ್ತಿಯಿಂದ ಹವಾಮಾನ ತಜ್ಞರಲ್ಲ. ಒಬ್ಬರು ನಿವೃತ್ತ ವಿಜ್ಞಾನ ಶಿಕ್ಷಕಿ, ಒಬ್ಬರು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ದಾದಿ, ಒಬ್ಬ ಕಾಲೇಜು ವಿದ್ಯಾರ್ಥಿ, ಉಳಿದವರು ಬೇರೆ ಬೇರೆ ಉದ್ಯೋಗದವರು. ಮೊದಮೊದಲು ತಮ್ಮ ತಮ್ಮಲ್ಲೇ ಚರ್ಚಿಸುತ್ತಿದ್ದ ಇವರ ಮಾತಿಗೆ ನೆರೆಹೊರೆಯ ಕೆಲವು ನೂರು ಮನೆಗಳು ಕ್ರಮೇಣ ಕಿವಿಗೊಡತೊಡಗಿದವು. ಬಿರುಗಾಳಿ ಬರುವ ಸೂಚನೆಯಿದ್ದರೆ ಸಂಜೆ ಒಂದು ಸಂದೇಶ ಹೋಗುತ್ತದೆ, ಜನ ಅದನ್ನು ಓದಿ ದಿನಸಿ, ಔಷಧ, ಪ್ರಯಾಣಗಳನ್ನು ಹೊಂದಿಸಿಕೊಳ್ಳುತ್ತಾರೆ. ಆದ್ದರಿಂದ ಇದನ್ನು ಬರೀ ಹವ್ಯಾಸವೆಂದು ಕರೆಯಲು ನನಗೆ ಮನಸ್ಸಿಲ್ಲ. ಈ ಬರಹದಲ್ಲಿ ಹೆಸರು, ಊರು, ವರ್ಷ ಇವುಗಳನ್ನು ಬಿಟ್ಟಿದ್ದೇನೆ, ವ್ಯಕ್ತಿಗಳ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ನಿರ್ಧಾರಗಳು ಯಾವ ಕ್ರಮದಲ್ಲಿ ಆದವೋ ಆ ಕ್ರಮವನ್ನು ಮಾತ್ರ ಹಾಗೆಯೇ ಉಳಿಸಿದ್ದೇನೆ.

ಆ ಪ್ರದೇಶದ ಚಳಿಗಾಲವನ್ನು ಊಹಿಸುವುದು ಕಷ್ಟವಾಗಿರುವುದಕ್ಕೆ ಮುಖ್ಯ ಕಾರಣ ಬೆಟ್ಟಗಳೇ. ಉತ್ತರದಲ್ಲಿ ಕೆನಡಾದ ಕ್ಯೂಬೆಕ್ ಅಥವಾ ಅಮೆರಿಕದ ಈಶಾನ್ಯದ ನ್ಯೂ ಇಂಗ್ಲೆಂಡ್ ಕಡೆ ಅಧಿಕ ಒತ್ತಡದ ವಲಯವೊಂದು ಬಂದು ನಿಂತಾಗ, ಅಲ್ಲಿಂದ ಹೊರಟ ಒಣ, ತಣ್ಣನೆಯ, ಭಾರವಾದ ಗಾಳಿ ದಕ್ಷಿಣಕ್ಕೆ ಹರಿದು, ಬೆಟ್ಟಗಳನ್ನು ದಾಟಲಾರದೆ, ಅಣೆಕಟ್ಟಿನ ಹಿಂದಿನ ನೀರಿನಂತೆ ಅವುಗಳ ಪೂರ್ವ ಮಗ್ಗುಲಿಗೆ ಒತ್ತಿಕೊಂಡು ನಿಲ್ಲುತ್ತದೆ. ಅದೇ ಹೊತ್ತಿಗೆ ದಕ್ಷಿಣದಿಂದ ಏರಿ ಬರುವ ಬಿರುಗಾಳಿಯು ಮೆಕ್ಸಿಕೊ ಕೊಲ್ಲಿಯ ಹಾಗೂ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ತೇವದ ಗಾಳಿಯನ್ನು ಈ ತಣ್ಣನೆಯ ಪದರದ ಮೇಲೆ ಹತ್ತಿಸುತ್ತದೆ. ಮೋಡದಿಂದ ನೆಲದವರೆಗೆ ಎಲ್ಲೆಡೆಯೂ ಉಷ್ಣತೆ ಶೂನ್ಯಕ್ಕಿಂತ ಕೆಳಗಿದ್ದರೆ ಬೀಳುವುದು ಹಿಮ. ಒಂದೂವರೆಯಿಂದ ಮೂರು ಕಿಲೋಮೀಟರ್ ಎತ್ತರದಲ್ಲಿ ಬೆಚ್ಚನೆಯ ಗಾಳಿ ನುಸುಳಿ, ಹಿಮದ ಎಸಳುಗಳು ಅರೆಬರೆ ಕರಗಿ, ಕೆಳಗಿನ ಚಳಿಯಲ್ಲಿ ಮತ್ತೆ ಗಟ್ಟಿಯಾದರೆ ಬೀಳುವುದು ಸ್ಲೀಟ್ ಎಂಬ ಹರಳು. ಎಸಳುಗಳು ಪೂರ್ತಿ ಕರಗಿ ನೀರಾಗಿ, ನೆಲದ ಹತ್ತಿರದ ತೆಳುವಾದ ಚಳಿಯ ಪದರವನ್ನು ನೀರಾಗಿಯೇ ದಾಟಿ, ಕೊಂಬೆಗೋ ತಂತಿಗೋ ರಸ್ತೆಗೋ ತಾಗಿದೊಡನೆ ಹೆಪ್ಪುಗಟ್ಟಿದರೆ ಅದು ಫ್ರೀಜಿಂಗ್ ರೇನ್. ಬೆಚ್ಚನೆಯ ಪದರದ ಗರಿಷ್ಠ ಉಷ್ಣತೆ ಸುಮಾರು 1ರಿಂದ 3 ಡಿಗ್ರಿ ಸೆಲ್ಸಿಯಸ್ ಆದರೆ ಸ್ಲೀಟ್, 3 ಡಿಗ್ರಿ ದಾಟಿದರೆ ಫ್ರೀಜಿಂಗ್ ರೇನ್ ಎಂಬುದು ಮುನ್ಸೂಚಕರು ಬಳಸುವ ಸ್ಥೂಲ ಅಳತೆ. ಎಂದರೆ ನಮ್ಮ ತಲೆಯಿಂದ ಎರಡು ಕಿಲೋಮೀಟರ್ ಮೇಲಿನ ಗಾಳಿಯ ಎರಡು ಡಿಗ್ರಿಗಳ ವ್ಯತ್ಯಾಸವು ಮಕ್ಕಳು ಹಿಮದಲ್ಲಿ ಆಡುವ ದಿನವೊಂದನ್ನು ಊರಿಗೆ ಊರೇ ಕತ್ತಲಾಗುವ ದಿನವಾಗಿ ಮಾರ್ಪಡಿಸಬಲ್ಲದು.

ಸಮಸ್ಯೆ

ಆ ಬಿರುಗಾಳಿಯ ಮೊದಲ ಸುಳಿವು ಕಂಡದ್ದು ಒಂದು ಭಾನುವಾರ. ಅಮೆರಿಕದ ಜಿಎಫ್‌ಎಸ್ ಮಾದರಿ, ಎಂದರೆ ಮುಂದಿನ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆ, ದಿನಕ್ಕೆ ನಾಲ್ಕು ಬಾರಿ ಓಡುತ್ತದೆ ಮತ್ತು ಹದಿನಾರು ದಿನಗಳ ಮುಂದಿನವರೆಗೂ ಲೆಕ್ಕ ಹಾಕುತ್ತದೆ. ಅದರ ಅಂದಿನ ಒಂದು ರನ್, ಎಂದರೆ ಒಂದು ಬಾರಿಯ ಲೆಕ್ಕ, ಮುಂದಿನ ಶನಿವಾರದಂದು ಕೌಂಟಿಯ ಮೇಲೆ ಇಪ್ಪತ್ತು ಇಂಚಿಗೂ ಮೀರಿದ ಹಿಮವನ್ನು ಗಾಢ ಬಣ್ಣದಲ್ಲಿ ತೋರಿಸಿತು. ವಿದ್ಯಾರ್ಥಿ ಆ ನಕ್ಷೆಯನ್ನು ಗುಂಪಿಗೆ ಕಳಿಸಿದ. ಸಂಜೆಯೊಳಗೆ ಅದು ಗುಂಪಿನಿಂದ ಹೊರಗೆ ಹರಿದು, ಅದನ್ನು ಯಾರು ಯಾವಾಗ ತೆಗೆದದ್ದು ಎಂಬ ವಿವರಗಳೆಲ್ಲ ಕಳಚಿಹೋಗಿ, ಬರೀ ಚಿತ್ರವಾಗಿ ಮನೆಮನೆ ಸೇರಿತು. ಮಾರನೆಯ ದಿನದಿಂದ ನೆರೆಯವರು ಕೇಳಿದ್ದೆಲ್ಲ ಒಂದೇ: ಎಷ್ಟು ಇಂಚು?

ಗುಂಪಿನೊಳಗೂ ಚರ್ಚೆ ಆ ಪ್ರಶ್ನೆಯ ಸುತ್ತಲೇ ತಿರುಗಿತು. ಯುರೋಪಿಯನ್ ಮಾದರಿ ಬಿರುಗಾಳಿಯನ್ನು ಇನ್ನಷ್ಟು ಪೂರ್ವಕ್ಕೆ, ಕಡಲಿನ ಕಡೆಗೆ ತಳ್ಳುತ್ತಿತ್ತು. ಕೆನಡಾದ ಮಾದರಿ ಒಳನಾಡಿಗೆ ಎಳೆಯುತ್ತಿತ್ತು. ಒಂದು ರನ್‌ನಲ್ಲಿ ಹಿಮದ ಪಟ್ಟಿ ಉತ್ತರಕ್ಕೆ ಸರಿದರೆ ನಿರಾಸೆ, ಮುಂದಿನ ರನ್‌ನಲ್ಲಿ ಮರಳಿ ಬಂದರೆ ಉತ್ಸಾಹ. ಯುರೋಪಿಯನ್ ಮಾದರಿಯ ರಾತ್ರಿಯ ರನ್ ಅಲ್ಲಿಯ ಸಮಯಕ್ಕೆ ಒಂದು ಗಂಟೆಯ ಹೊತ್ತಿಗೆ ಕೈಗೆ ಸಿಗುತ್ತದೆ. ಅದಕ್ಕಾಗಿ ನಿದ್ದೆಗೆಟ್ಟು ಕೂರುವವರು ಕಡಿಮೆಯಿರಲಿಲ್ಲ. ಈ ತಹತಹವನ್ನು ನಾನು ಹಗುರವಾಗಿ ಕಾಣಲಾರೆ, ಏಕೆಂದರೆ ಅದಿಲ್ಲದೆ ಇಂಥ ಗುಂಪುಗಳು ಹುಟ್ಟುವುದೂ ಇಲ್ಲ, ಉಳಿಯುವುದೂ ಇಲ್ಲ. ಆದರೆ ಅದು ಗಮನವನ್ನು ಒಂದೇ ಜಾಗಕ್ಕೆ ಕಟ್ಟಿಹಾಕುತ್ತದೆ. ಬಿರುಗಾಳಿಯ ಕೇಂದ್ರ ಎಲ್ಲಿ ಹಾದುಹೋಗುತ್ತದೆ ಎಂಬುದರ ಬಗ್ಗೆ ನೂರಾರು ಸಂದೇಶಗಳು ಓಡಾಡಿದವು, ಬೀಳುವುದು ಯಾವ ರೂಪದಲ್ಲಿ ಎಂಬುದನ್ನು ಬುಧವಾರದವರೆಗೂ ಬಹುಮಂದಿ ಕೇಳಲೇ ಇಲ್ಲ.

ವಾದಕ್ಕೆ ಇತಿಹಾಸದ ಉದಾಹರಣೆಗಳೂ ಬಂದವು. 1993ರ ಮಾರ್ಚ್ ತಿಂಗಳ ಮಹಾ ಬಿರುಗಾಳಿಯನ್ನು ಸುಮಾರು ಐದು ದಿನ ಮೊದಲೇ ಮಾದರಿಗಳು ಗುರುತಿಸಿದ್ದವು, ಆದ್ದರಿಂದ ಈಗಲೇ ಜನರಿಗೆ ದೃಢವಾಗಿ ಹೇಳಬೇಕು ಎಂದರು ಕೆಲವರು. 2015ರ ಜನವರಿಯಲ್ಲಿ ನ್ಯೂಯಾರ್ಕ್ ನಗರಕ್ಕೆ 20ರಿಂದ 30 ಇಂಚು ಹಿಮದ ಮುನ್ಸೂಚನೆ ಕೊಟ್ಟು, ಸುರಂಗ ರೈಲುಗಳನ್ನೂ ನಿಲ್ಲಿಸಿ, ಕೊನೆಗೆ ಸೆಂಟ್ರಲ್ ಪಾರ್ಕ್‌ನಲ್ಲಿ 9.8 ಇಂಚು ಮಾತ್ರ ಬಿದ್ದದ್ದನ್ನು ಇನ್ನು ಕೆಲವರು ನೆನಪಿಸಿದರು. ಆ ಬಿರುಗಾಳಿ ನಗರದ ಪೂರ್ವಕ್ಕೆ ಲಾಂಗ್ ಐಲ್ಯಾಂಡ್‌ನಲ್ಲಿ ಎರಡು ಅಡಿ ಹಿಮ ಸುರಿಸಿತ್ತು. ಅದರ ಪಶ್ಚಿಮದ ಅಂಚು ಎಲ್ಲಿ ಕಡಿದು ನಿಲ್ಲುತ್ತದೆ ಎಂಬುದಷ್ಟೇ ತಪ್ಪಾಗಿತ್ತು. ಎರಡೂ ಉದಾಹರಣೆಗಳು ಸರಿಯಾದವೇ. ಆದರೆ ಎರಡೂ ಹಿಮ ಎಷ್ಟು ಮತ್ತು ಎಲ್ಲಿ ಎಂಬುದರ ಬಗೆಗಿನವು. ಗುಂಪು ಎದುರಿಸಬೇಕಾಗಿದ್ದ ಬಿರುಗಾಳಿಗೆ ಹತ್ತಿರದ್ದು 1998ರ ಜನವರಿಯದು. ಆಗ ಕ್ಯೂಬೆಕ್, ಒಂಟಾರಿಯೊ ಮತ್ತು ಅಮೆರಿಕದ ಈಶಾನ್ಯ ರಾಜ್ಯಗಳ ಮೇಲೆ ದಿನಗಟ್ಟಲೆ ಫ್ರೀಜಿಂಗ್ ರೇನ್ ಬಿದ್ದು, ವಿದ್ಯುತ್ ಗೋಪುರಗಳೇ ಕುಸಿದು, ಲಕ್ಷಾಂತರ ಜನ ಚಳಿಯಲ್ಲಿ ವಿದ್ಯುತ್ತಿಲ್ಲದೆ ಉಳಿದಿದ್ದರು. ಅದನ್ನು ಎತ್ತಿದವರು ದಾದಿ ಒಬ್ಬರೇ, ಮತ್ತು ಆ ಹೊತ್ತಿಗೆ ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ.

ಪ್ರಯತ್ನಗಳು

ಮೊದಲ ಪ್ರಯತ್ನ ಸಹಜವಾಗಿಯೇ ಎನ್‌ಸೆಂಬಲ್‌ಗಳ ಕಡೆಗೆ ಹೋಯಿತು. ಆರಂಭದ ಸ್ಥಿತಿಯಲ್ಲಿನ ಸಣ್ಣ ತಪ್ಪು ದಿನ ಕಳೆದಂತೆ ಬೆಳೆದು ದೊಡ್ಡದಾಗುತ್ತದೆ ಎಂದು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿಕೊಟ್ಟ ಮೇಲೆ, ಒಂದೇ ಲೆಕ್ಕವನ್ನು ನಂಬುವ ಬದಲು ಸ್ವಲ್ಪ ಸ್ವಲ್ಪ ಬೇರೆಯಾದ ಆರಂಭಗಳಿಂದ ಹಲವು ಲೆಕ್ಕಗಳನ್ನು ಹಾಕುವ ದಾರಿ ಬೆಳೆಯಿತು. 1992ರ ಕೊನೆಯಿಂದ ಅಮೆರಿಕ ಮತ್ತು ಯುರೋಪಿನ ಹವಾಮಾನ ಕೇಂದ್ರಗಳೆರಡೂ ಎನ್‌ಸೆಂಬಲ್ ಎಂಬ ಈ ವಿಧಾನವನ್ನು ನಿಯತವಾಗಿ ಬಳಸುತ್ತಿವೆ. ಇಂದು ಯುರೋಪಿಯನ್ ಎನ್‌ಸೆಂಬಲ್‌ನಲ್ಲಿ 51, ಅಮೆರಿಕದ್ದರಲ್ಲಿ 31 ಲೆಕ್ಕಗಳಿವೆ. ಗುಂಪಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಇವೆಲ್ಲವುಗಳ ಹಿಮದ ಪ್ರಮಾಣವನ್ನು ಒಂದು ಪಟ್ಟಿಯಾಗಿ ಜೋಡಿಸಿ, ಸರಾಸರಿಯನ್ನು ಪ್ರತಿ ರನ್‌ಗೂ ಹೊಸದಾಗಿ ಲೆಕ್ಕ ಹಾಕತೊಡಗಿದರು. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಅದರ ಪ್ರತಿ ಅಂಕಿಯೂ ಹಿಮದ ನಕ್ಷೆಯಿಂದಲೇ ಬಂದದ್ದಾದ್ದರಿಂದ, ನಕ್ಷೆಯ ದೋಷವೂ ಅದರೊಂದಿಗೇ ಬಂದಿತು.

ಆ ದೋಷವನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಪ್ರತಿ ಚಳಿಗಾಲದಲ್ಲೂ ಎಷ್ಟೋ ಜನ ಅದಕ್ಕೆ ಸಿಲುಕುತ್ತಾರೆ. ಮಾದರಿ ಮೊದಲು ಲೆಕ್ಕ ಹಾಕುವುದು ನೀರಿನ ಪ್ರಮಾಣವನ್ನು. ಅದನ್ನು ಹಿಮದ ಎತ್ತರಕ್ಕೆ ಪರಿವರ್ತಿಸುವಾಗ ಅನೇಕ ನಕ್ಷೆಗಳು ಒಂದು ಇಂಚು ನೀರಿಗೆ ಹತ್ತು ಇಂಚು ಹಿಮ ಎಂಬ ಸ್ಥಿರ ಅನುಪಾತವನ್ನು ಬಳಸುತ್ತವೆ. ತೀರಾ ಚಳಿಯಿದ್ದು ಎಸಳುಗಳು ಹಗುರಾಗಿದ್ದರೆ ನಿಜವಾದ ಅನುಪಾತ ಇಪ್ಪತ್ತನ್ನೂ ಮುಟ್ಟಬಹುದು, ಒದ್ದೆ ಹಿಮದಲ್ಲಿ ಐದಕ್ಕೂ ಇಳಿಯಬಹುದು. ಇದಕ್ಕಿಂತ ಗಂಭೀರವಾದದ್ದೆಂದರೆ, ಇಂಥ ನಕ್ಷೆಗಳಲ್ಲಿ ಹಲವು ಸ್ಲೀಟನ್ನೂ, ಕೆಲವು ಫ್ರೀಜಿಂಗ್ ರೇನನ್ನೂ ಹಿಮವೆಂದೇ ಎಣಿಸುತ್ತವೆ. ಒಂದು ಇಂಚು ನೀರು ಸ್ಲೀಟಾಗಿ ಬಿದ್ದರೆ ನೆಲದ ಮೇಲೆ ಕೂರುವುದು ಎರಡು ಮೂರು ಇಂಚು, ನಕ್ಷೆಯಲ್ಲಿ ಕಾಣುವುದು ಹತ್ತು ಇಂಚು. ಅದೇ ನೀರು ಫ್ರೀಜಿಂಗ್ ರೇನ್ ಆಗಿ ಬಿದ್ದರೆ ನೆಲ ಬಿಳಿಯಾಗುವುದೂ ಇಲ್ಲ, ಆದರೆ ಹಾನಿ ಎಲ್ಲಕ್ಕಿಂತ ಹೆಚ್ಚು.

ಬುಧವಾರ ಸಂಜೆ ನಿವೃತ್ತ ಶಿಕ್ಷಕಿ ಎರಡು ಸಲಹೆ ಇಟ್ಟರು. ಮೊದಲನೆಯದು, ಸಂಜೆಯ ಸಂದೇಶದಲ್ಲಿ ಇಂಚುಗಳ ಅಂಕಿಯನ್ನೇ ಕೊಡಬಾರದು. ಎರಡನೆಯದು, ಹಿಮದ ನಕ್ಷೆಯನ್ನು ಬದಿಗಿಟ್ಟು ಎಲ್ಲರೂ ಸೌಂಡಿಂಗ್‌ಗಳನ್ನು, ಎಂದರೆ ನೆಲದಿಂದ ಮೇಲಕ್ಕೆ ಪ್ರತಿ ಎತ್ತರದಲ್ಲೂ ಉಷ್ಣತೆ ಮತ್ತು ತೇವ ಎಷ್ಟಿರುತ್ತದೆ ಎಂದು ತೋರಿಸುವ ರೇಖೆಗಳನ್ನು, ಕೌಂಟಿಯ ಉತ್ತರ, ಮಧ್ಯ, ದಕ್ಷಿಣ ಎಂಬ ಮೂರು ಜಾಗಗಳಿಗೆ ತೆಗೆದು ನೋಡಬೇಕು. ಮೊದಲ ಸಲಹೆಗೆ ಪ್ರಬಲ ವಿರೋಧ ಬಂತು. ನಾವು ಅಂಕಿ ಕೊಡದಿದ್ದರೆ ಜನ ಭಾನುವಾರದ ಚಿತ್ರವನ್ನೇ ಹಿಡಿದುಕೊಂಡಿರುತ್ತಾರೆ, ಮೌನ ಆ ಚಿತ್ರಕ್ಕೆ ಬಲ ಕೊಡುತ್ತದೆ ಎಂದ ವಿದ್ಯಾರ್ಥಿ. ಆ ಆಕ್ಷೇಪದಲ್ಲಿ ನಿಜವಾದ ತೂಕವಿತ್ತು. ಕೊನೆಗೆ ಗುಂಪು ನಡುವಿನ ದಾರಿ ಹಿಡಿಯಿತು: ಅಂಕಿ ಕೊಡದೆ, ಹಳೆಯ ಚಿತ್ರವನ್ನು ಯಾಕೆ ನಂಬಬಾರದು ಎಂಬುದನ್ನು ಮಾತ್ರ ನಾಲ್ಕು ವಾಕ್ಯಗಳಲ್ಲಿ ಬರೆಯುವುದು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಮೊದಲ ತಿರುವು ಇದು. ಅಂಕಿಯನ್ನು ತಡೆಹಿಡಿದದ್ದರಿಂದ ಗುಂಪಿನ ಒಳಗೂ ಅಂಕಿಯ ಮೇಲಿನ ಜಗಳ ನಿಂತಿತು, ಮತ್ತು ಕಣ್ಣುಗಳು ಸೌಂಡಿಂಗ್‌ಗಳ ಕಡೆಗೆ ತಿರುಗಿದವು.

ಅದೇ ದಿನ ಬಿರುಗಾಳಿಗೆ ಕಾರಣವಾಗಲಿದ್ದ, ವಾತಾವರಣದ ಮೇಲ್ಮಟ್ಟದ ಗಾಳಿಯ ಅಲೆ ಪೆಸಿಫಿಕ್ ಸಾಗರದಿಂದ ಖಂಡದ ಮೇಲೆ ಬಂದಿತ್ತು. ಮೇಲಿನ ಗಾಳಿಯನ್ನು ಅಳೆಯಲು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಹಾರಿಸುವ ರೇಡಿಯೊಸಾಂಡ್ ಬಲೂನುಗಳ ಜಾಲದೊಳಗೆ ಅಲೆ ಬಂದ ಮೇಲೆ ಮಾದರಿಗಳು ಒಮ್ಮೆಲೇ ಸರಿಹೋಗುತ್ತವೆ ಎಂಬ ನಂಬಿಕೆ ಆಸಕ್ತರಲ್ಲಿ ಆಳವಾಗಿದೆ. ಉಪಗ್ರಹಗಳಿಂದ ಸಾಗರದ ಮೇಲಿನ ಮಾಹಿತಿ ಇಷ್ಟು ಸಮೃದ್ಧವಾಗಿ ಸಿಗುವ ಈ ಕಾಲದಲ್ಲಿ ಆ ನಂಬಿಕೆಗೆ ಮೊದಲಿನಷ್ಟು ಆಧಾರವಿಲ್ಲ, ಮತ್ತು ಇಲ್ಲಿಯೂ ಒಮ್ಮೆಲೇ ಏನೂ ಆಗಲಿಲ್ಲ. ಮಾದರಿಗಳು ನಿಧಾನವಾಗಿ ಒಂದರ ಹತ್ತಿರ ಒಂದು ಬಂದವು.

ಗುರುವಾರ ಬೆಳಗ್ಗೆ, ಸಣ್ಣ ಅವಧಿಗೆ ಹೆಚ್ಚು ಸೂಕ್ಷ್ಮವಾಗಿ ಲೆಕ್ಕ ಹಾಕುವ ನ್ಯಾಮ್ ಎಂಬ ಅಮೆರಿಕದ ಇನ್ನೊಂದು ಮಾದರಿಯಲ್ಲಿ ಶನಿವಾರವನ್ನು ನೋಡಿದಾಗ, ಮಧ್ಯ ಕೌಂಟಿಯ ಸೌಂಡಿಂಗ್‌ನಲ್ಲಿ ಸುಮಾರು ಎರಡು ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆಯ ರೇಖೆ ಶೂನ್ಯದ ಬಲಕ್ಕೆ, ಎಂದರೆ ಬೆಚ್ಚನೆಯ ಕಡೆಗೆ, ಮೂಗಿನಂತೆ ಚಾಚಿಕೊಂಡಿತ್ತು. ಶನಿವಾರ ಮಧ್ಯಾಹ್ನದ ಹೊತ್ತಿಗೆ 4 ಡಿಗ್ರಿ. ಜಿಎಫ್‌ಎಸ್‌ನಲ್ಲಿ ಅದೇ ಜಾಗದಲ್ಲಿ ರೇಖೆ ಶೂನ್ಯವನ್ನು ಮುಟ್ಟಿ ಮರಳುತ್ತಿತ್ತು. ಎರಡು ಮಾದರಿಗಳೂ ನೆಲದ ಉಷ್ಣತೆ ಸಂಜೆಗೆ ಶೂನ್ಯದ ಮೇಲೆ ಏರುತ್ತದೆ ಎನ್ನುತ್ತಿದ್ದವು. ಹಾಗಾದರೆ ಸ್ವಲ್ಪ ಹೊತ್ತಿನ ಫ್ರೀಜಿಂಗ್ ರೇನ್ ಬಳಿಕ ಸಾಧಾರಣ ಮಳೆಯಾಗಿ ಎಲ್ಲ ಕರಗಿಹೋಗುತ್ತದೆ ಎಂದು ಕೆಲವರು ಸಮಾಧಾನಪಟ್ಟರು. ಶಿಕ್ಷಕಿ ಒಪ್ಪಲಿಲ್ಲ. ಬೆಟ್ಟದ ಮಗ್ಗುಲಿಗೆ ಒತ್ತಿಕೊಂಡ ಚಳಿಯನ್ನು ಮಾದರಿಗಳು ಬೇಗ ಅಳಿಸಿಹಾಕುವುದು ಹಳೆಯ ದೌರ್ಬಲ್ಯ ಎಂಬುದು ಅವರ ಮೊದಲ ವಾದ. ನೀರು ಹೆಪ್ಪುಗಟ್ಟುವಾಗ ಶಾಖ ಬಿಡುಗಡೆಯಾಗುವುದರಿಂದ ಫ್ರೀಜಿಂಗ್ ರೇನ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ಗುಣವುಳ್ಳದ್ದು ನಿಜ, ಆದರೆ ಉತ್ತರದಿಂದ ಒಣ ಚಳಿಗಾಳಿ ಹರಿದುಬರುತ್ತಲೇ ಇದ್ದರೆ ಆ ಶಾಖ ಸಾಲದು ಎಂಬುದು ಎರಡನೆಯದು. ಅಧಿಕ ಒತ್ತಡದ ವಲಯ ಶನಿವಾರ ರಾತ್ರಿಯವರೆಗೂ ಕದಲುವುದಿಲ್ಲ ಎಂಬುದರಲ್ಲಿ ಎಲ್ಲ ಮಾದರಿಗಳೂ ಒಂದೇ ಮಾತಾಡುತ್ತಿದ್ದವು. ಭಿನ್ನಾಭಿಪ್ರಾಯವಿಲ್ಲದ ಈ ಒಂದು ಅಂಶದ ಮೇಲೆ ಅವರು ತಮ್ಮ ಇಡೀ ವಾದವನ್ನು ನಿಲ್ಲಿಸಿದರು.

ಎರಡನೆಯ ತಿರುವು ಬಂದದ್ದು ಆಗ. ದಾದಿ ಕೇಳಿದ ಪ್ರಶ್ನೆ ಇದು: ಏನು ಬೀಳುತ್ತದೆ ಎಂಬುದು ನಾಳೆಯವರೆಗೂ ಇತ್ಯರ್ಥವಾಗದಿದ್ದರೆ, ಇಂದು ಸಂಜೆ ಹೇಳಬಹುದಾದದ್ದು ಏನಾದರೂ ಇದೆಯೇ? ಅವರ ಆರೈಕೆಯಲ್ಲಿದ್ದವರಲ್ಲಿ ಒಬ್ಬ ವೃದ್ಧರು ವಿದ್ಯುತ್ತಿನಿಂದ ನಡೆಯುವ ಆಕ್ಸಿಜನ್ ಕಾನ್ಸೆಂಟ್ರೇಟರ್ ಯಂತ್ರದ ಮೇಲೆ ಬದುಕುತ್ತಿದ್ದರು. ಹಿಮ ಬಿದ್ದರೆ ಆ ಮನೆಗೆ ಬೇಕಾದದ್ದು ದಾರಿ ತೆರವು, ಮಂಜುಗಡ್ಡೆ ಕಟ್ಟಿದರೆ ಬೇಕಾದದ್ದು ವಿದ್ಯುತ್ತು. ಮೊದಲನೆಯದಕ್ಕೆ ಬಿರುಗಾಳಿ ಮುಗಿದ ಮೇಲೂ ಸಹಾಯ ಸಿಗುತ್ತದೆ, ಎರಡನೆಯದಕ್ಕೆ ಬಿರುಗಾಳಿ ಶುರುವಾಗುವ ಮೊದಲೇ ಮನೆ ಬಿಡಬೇಕು. ವಿದ್ಯುತ್ ಹೋಗಬಹುದೆಂದು ಸಿದ್ಧರಾಗಿ ಕೊನೆಗೆ ಹಿಮವೇ ಬಿದ್ದರೆ ಯಾರಿಗೂ ದೊಡ್ಡ ನಷ್ಟವಿಲ್ಲ, ಹಿಮಕ್ಕೆಂದು ಸಿದ್ಧರಾಗಿ ವಿದ್ಯುತ್ ಹೋದರೆ ಜೀವಕ್ಕೇ ಅಪಾಯ. ಈ ತೂಗುವಿಕೆ ಗುಂಪನ್ನು ಒಪ್ಪಿಸಿತು.

ಆದರೂ ಒಂದು ತೊಡಕಿತ್ತು. ರಾಷ್ಟ್ರೀಯ ಹವಾಮಾನ ಸೇವೆಯ ಮುನ್ನೆಚ್ಚರಿಕೆ ಆಗಷ್ಟೇ ಹೊರಬಿದ್ದಿತ್ತು. ಅದರಲ್ಲಿ ಹಿಮ, ಸ್ಲೀಟ್, ಮಂಜುಗಡ್ಡೆ ಮೂರನ್ನೂ ಹೇಳಲಾಗಿತ್ತು. ಅಧಿಕೃತ ಎಚ್ಚರಿಕೆಗೆ ವಿರುದ್ಧವಾಗಿ ಎಂದೂ ಮಾತಾಡಬಾರದು ಎಂಬುದು ಗುಂಪಿನ ಹಳೆಯ ನಿಯಮ, ಮತ್ತು ಅದು ಒಳ್ಳೆಯ ನಿಯಮ. ಮಂಜುಗಡ್ಡೆಯನ್ನೇ ಒತ್ತಿ ಹೇಳುವುದು ಆ ನಿಯಮವನ್ನು ಮೀರಿದಂತಾಗುತ್ತದೆಯೇ ಎಂಬ ಚರ್ಚೆ ತಡರಾತ್ರಿಯವರೆಗೆ ನಡೆಯಿತು. ಪರಿಹಾರವಾಗಿ ಅವರು ಮುನ್ಸೂಚನೆಯ ಭಾಗವನ್ನು ಅಧಿಕೃತ ಪಠ್ಯಕ್ಕೇ ಬಿಟ್ಟು, ತಾವು ಪ್ರಶ್ನೆಗಳನ್ನಷ್ಟೇ ಕೇಳಿದರು: ಎರಡು ದಿನ ವಿದ್ಯುತ್ ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಯಾರಿಗೆ ತೊಂದರೆ? ಬೆಚ್ಚಗಿರಲು ಬೇರೆ ವ್ಯವಸ್ಥೆ ಇದೆಯೇ? ಅದಿಲ್ಲದಿದ್ದರೆ ಶುಕ್ರವಾರ ಕತ್ತಲಾಗುವುದರೊಳಗೆ ಎಲ್ಲಿಗೆ ಹೋಗಬಲ್ಲಿರಿ? ಇದರ ಕೆಳಗೆ ಸಿದ್ಧತೆಯ ದೀರ್ಘ ಪಟ್ಟಿಯೊಂದನ್ನು ಸೇರಿಸಿದರು. ಜನರೇಟರನ್ನು ಮನೆಯಿಂದ ಕನಿಷ್ಠ ಇಪ್ಪತ್ತು ಅಡಿ ದೂರ, ಬಯಲಿನಲ್ಲೇ ಇಡಬೇಕು ಎಂಬ ಸಾಲು ಆ ಪಟ್ಟಿಯ ಕೊನೆಯಲ್ಲಿತ್ತು.

ನಡೆದದ್ದು

ಶನಿವಾರ ನಸುಕಿನಲ್ಲಿ ಬಿದ್ದದ್ದು ಹಿಮವೇ. ಅದೂ ದಪ್ಪನಾಗಿ, ಬಿರುಸಾಗಿ, ಕೆಲವೇ ಗಂಟೆಗಳಲ್ಲಿ ಹುಲ್ಲು ಮುಚ್ಚುವಷ್ಟು. ಗುಂಪಿನಲ್ಲಿ ಸಂಭ್ರಮವೂ ಅದರ ಜೊತೆಗೆ ಮುಜುಗರವೂ ಕಂಡವು. ನೆರೆಯವರಿಗೆ ಸುಮ್ಮನೆ ಹೆದರಿಕೆ ಹುಟ್ಟಿಸಿದೆವು, ತಿದ್ದುಪಡಿ ಕಳಿಸೋಣ ಎಂದು ಇಬ್ಬರು ಒತ್ತಾಯಿಸಿದರು. ಈ ಹೊತ್ತಿಗೆ ಅವರನ್ನು ತಡೆದದ್ದು ವಿದ್ಯಾರ್ಥಿ, ಎಂದರೆ ಭಾನುವಾರ ಆ ನಕ್ಷೆಯನ್ನು ಮೊದಲು ಕಳಿಸಿದವನೇ. ಅವನು ರೇಡಾರ್‌ನ ಒಂದು ವಿಶೇಷ ಚಿತ್ರವನ್ನು ನೋಡುತ್ತ ಕುಳಿತಿದ್ದ. 2013ರ ಹೊತ್ತಿಗೆ ಅಮೆರಿಕದ ಹವಾಮಾನ ರೇಡಾರ್‌ಗಳೆಲ್ಲ ಎರಡು ಬಗೆಯ ಧ್ರುವೀಕರಣದ, ಎಂದರೆ ಅಡ್ಡವಾಗಿ ಮತ್ತು ಲಂಬವಾಗಿ ಕಂಪಿಸುವ, ಅಲೆಗಳನ್ನು ಕಳಿಸುವಂತೆ ಮೇಲ್ದರ್ಜೆಗೇರಿದವು. ಅದರಿಂದ ಸಿಗುವ ಕೋರಿಲೇಶನ್ ಕೊಎಫಿಶಿಯಂಟ್ ಎಂಬ ಅಳತೆ, ರೇಡಾರ್ ಕಿರಣ ಹಾಯುವಲ್ಲಿ ಬೀಳುತ್ತಿರುವುದೆಲ್ಲ ಒಂದೇ ರೂಪದ್ದೋ ಬೆರಕೆಯೋ ಎಂಬುದನ್ನು ತೋರಿಸುತ್ತದೆ. ಎಸಳುಗಳು ಕರಗತೊಡಗಿದ ಎತ್ತರದಲ್ಲಿ ಆ ಅಳತೆ ಕುಸಿದು, ಚಿತ್ರದಲ್ಲಿ ಬೇರೆ ಬಣ್ಣದ ಪಟ್ಟಿಯಾಗಿ ಕಾಣುತ್ತದೆ. ಆ ಪಟ್ಟಿ ದಕ್ಷಿಣದಿಂದ ಗಂಟೆ ಗಂಟೆಗೂ ಹತ್ತಿರವಾಗುತ್ತಿತ್ತು. ದಕ್ಷಿಣದ ಕೌಂಟಿಗಳಿಂದ ಎಂಪಿಂಗ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಸಾಮಾನ್ಯ ಜನ ದಾಖಲಿಸುತ್ತಿದ್ದ ವರದಿಗಳು ಹಿಮದಿಂದ ಸ್ಲೀಟ್‌ಗೆ ಬದಲಾಗುತ್ತಿದ್ದವು. ಕಿಟಕಿಯಾಚೆ ಹಿಮ ಬೀಳುತ್ತಿರುವಾಗ, ಎರಡು ಕಿಲೋಮೀಟರ್ ಮೇಲೆ ಅದು ಕರಗಲು ಶುರುವಾಗಿದೆ ಎಂದು ನಂಬಿ ಕಾಯುವುದು ಸುಲಭವಲ್ಲ. ತಿದ್ದುಪಡಿ ಕಳಿಸದೆ ಕಾದದ್ದು ಗುಂಪಿನ ಮೂರನೆಯ ಮತ್ತು ಬಹುಶಃ ಅತ್ಯಂತ ಕಠಿಣ ನಿರ್ಧಾರ.

ಹತ್ತು ಗಂಟೆಯ ಬಳಿಕ ಮಧ್ಯ ಕೌಂಟಿಯಲ್ಲಿ ಕಿಟಕಿಗೆ ಹರಳು ಬಡಿಯುವ ಸದ್ದು ಕೇಳಿಸಿತು. ಮಧ್ಯಾಹ್ನದ ನಂತರ ಸದ್ದು ನಿಂತು ಬರಿಯ ಮಳೆ. ನೆಲದ ಉಷ್ಣತೆ ಸಂಜೆಗೆ ಶೂನ್ಯ ದಾಟುತ್ತದೆ ಎಂದಿದ್ದ ಲೆಕ್ಕ ಸುಳ್ಳಾಯಿತು, ಪಾದರಸ ಮೈನಸ್ 2ರ ಆಸುಪಾಸಿನಲ್ಲೇ ರಾತ್ರಿಯವರೆಗೂ ನಿಂತಿತು. ಕತ್ತಲಾಗುವಾಗ ಬೆರಳು ಗಾತ್ರದ ಕೊಂಬೆಗಳ ಸುತ್ತ ಅರ್ಧ ಇಂಚಿನಷ್ಟು ಮಂಜುಗಡ್ಡೆ ಕಟ್ಟಿತ್ತು. ಕಾಲು ಇಂಚಿಗೇ ಅಪಾಯ ಶುರುವಾಗುತ್ತದೆ, ಹಲವು ಕಡೆ ಐಸ್ ಸ್ಟಾರ್ಮ್ (ಮಂಜುಗಡ್ಡೆಯ ಬಿರುಗಾಳಿ) ಎಚ್ಚರಿಕೆ ಕೊಡುವ ಮಟ್ಟವೂ ಅದೇ. ಅರ್ಧ ಇಂಚಾದರೆ ದೊಡ್ಡ ಕೊಂಬೆಗಳು ತಂತಿಗಳ ಮೇಲೆ ಮುರಿದು ಬೀಳುತ್ತವೆ. ರಾತ್ರಿ ಒಂಬತ್ತರ ನಂತರ ಬಡಾವಣೆಗಳು ಒಂದೊಂದಾಗಿ ಕತ್ತಲಾದವು, ಕೆಲವು ಮನೆಗಳಿಗೆ ವಿದ್ಯುತ್ ಮರಳಿದ್ದು ನಾಲ್ಕನೆಯ ದಿನ.

ಆಕ್ಸಿಜನ್ ಅವಲಂಬಿಸಿದ್ದ ವೃದ್ಧರನ್ನು ಶುಕ್ರವಾರ ಮಧ್ಯಾಹ್ನವೇ ಅವರ ಮಗಳು ದೂರದ ತಮ್ಮ ಮನೆಗೆ ಕರೆದೊಯ್ದಿದ್ದರು. ಗುರುವಾರದ ಪ್ರಶ್ನೆಗಳನ್ನು ಓದಿಯೇ ಹೊರಟೆವು ಎಂದು ಅವರು ನಂತರ ದಾದಿಗೆ ಹೇಳಿದರು. ಇನ್ನೊಂದು ಮನೆಯ ಕಥೆ ಬೇರೆ. ಅಲ್ಲಿಯ ಕುಟುಂಬ ಅದೇ ಸಂದೇಶವನ್ನು ಓದಿ ಜನರೇಟರ್ ತಂದಿಟ್ಟುಕೊಂಡಿತ್ತು, ಆದರೆ ಮಳೆಗೆ ನೆನೆಯದಿರಲೆಂದು ಅದನ್ನು ಬಾಗಿಲು ಅರ್ಧ ತೆರೆದ ಗ್ಯಾರೇಜಿನೊಳಗೆ ಓಡಿಸಿತು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿದ್ದರಿಂದ ಎಲ್ಲರೂ ಹೊರಗೋಡಿ ಬದುಕಿದರು. ಸಂದೇಶದ ಕೊನೆಯ ಸಾಲಿನವರೆಗೆ ಅವರು ಓದಿರಲಿಲ್ಲ.

ಪರಿಶೀಲನೆ

ವಿದ್ಯುತ್ ಮರಳಿದ ಮೇಲೆ ಗುಂಪು ಸೇರಿ ಇಡೀ ವಾರವನ್ನು ಮರುಪರಿಶೀಲಿಸಿತು. ನಾವು ಹೇಳಿದ್ದೇ ಆಯಿತು ಎಂಬ ತೃಪ್ತಿ ಸಹಜವಾಗಿಯೇ ಇತ್ತು, ಆದರೆ ಶಿಕ್ಷಕಿ ಅದನ್ನು ಅಲ್ಲಿಗೇ ನಿಲ್ಲಿಸಿದರು. ಬೆಚ್ಚನೆಯ ಪದರ 4 ಡಿಗ್ರಿಯ ಬದಲು 2 ಡಿಗ್ರಿಗೆ ನಿಂತಿದ್ದರೆ ಇಡೀ ಮಧ್ಯಾಹ್ನ ಸ್ಲೀಟ್ ಬಿದ್ದು, ತಂತಿಗಳು ಉಳಿದು, ಯಾರೂ ಈ ಸಭೆಯನ್ನು ಕರೆಯುತ್ತಿರಲಿಲ್ಲ. ಆಗಲೂ ಗುರುವಾರದ ಸಂದೇಶ ಅಷ್ಟೇ ಸರಿಯಾಗಿರುತ್ತಿತ್ತು, ಏಕೆಂದರೆ ಅದು ನಿಂತದ್ದು ಗುರುವಾರ ಗೊತ್ತಿದ್ದುದರ ಮೇಲೆ. ಫಲಿತಾಂಶದಿಂದ ನಿರ್ಧಾರವನ್ನು ಅಳೆದರೆ ಮುಂದಿನ ಬಾರಿ ಹಿಮ ಬಿದ್ದ ದಿನ ಇದೇ ಗುಂಪು ಇದೇ ಕೆಲಸವನ್ನು ತಪ್ಪೆಂದು ಎಣಿಸುತ್ತದೆ ಎಂಬ ಅವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಕೌಂಟಿಯ ಉತ್ತರದ ಅಂಚಿನಲ್ಲಿ ಬೇರೆಯೇ ಅನುಭವವಾಗಿತ್ತು. ಅಲ್ಲಿ ಬೆಚ್ಚನೆಯ ಪದರ ತಲುಪಲೇ ಇಲ್ಲ, ದಿನವಿಡೀ ಹಿಮ ಬಿದ್ದು ಒಂದು ಅಡಿ ದಾಟಿತು. ಆ ಭಾಗದ ಓದುಗರಿಗೆ ಬೇಕಾಗಿದ್ದದ್ದು ದಾರಿ ತೆರವಿನ ಬಗೆಗಿನ ಮಾತು, ಮತ್ತು ಅದು ಅವರಿಗೆ ಸಿಗಲಿಲ್ಲ. ಮೂರು ಜಾಗಗಳ ಸೌಂಡಿಂಗ್ ಪ್ರತ್ಯೇಕವಾಗಿ ತೆಗೆದು ನೋಡಿದ್ದರೂ ಸಂದೇಶ ಹೋದದ್ದು ಇಡೀ ಕೌಂಟಿಗೆ ಒಂದೇ. ವಿಶ್ಲೇಷಣೆಯಲ್ಲಿ ಕಂಡ ವ್ಯತ್ಯಾಸ ಬರವಣಿಗೆಯಲ್ಲಿ ಅಳಿಸಿಹೋದ ಬಗೆ ಇದು, ಮತ್ತು ಅದಕ್ಕೆ ಕಾರಣ ದಣಿವು ಎಂದು ನನಗನ್ನಿಸುತ್ತದೆ: ತಡರಾತ್ರಿಯಲ್ಲಿ ಒಂದು ಪಠ್ಯವನ್ನು ಎಲ್ಲರೂ ಒಪ್ಪುವಂತೆ ಮಾಡಿದ ಮೇಲೆ ಮೂರು ಪಠ್ಯ ಬರೆಯುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ.

ಅಳತೆಗಳಲ್ಲೂ ಗೊಂದಲ ಕಂಡಿತು. ಕೆಲವರು ಕೊಂಬೆಯ ಒಂದು ಬದಿಯ ದಪ್ಪವನ್ನು, ಕೆಲವರು ಎರಡೂ ಬದಿ ಸೇರಿದ ದಪ್ಪವನ್ನು ಬರೆದಿದ್ದರು. ಹೋಲಿಸಬಹುದಾದದ್ದು ಸುತ್ತಲೂ ಸರಾಸರಿ ತೆಗೆದ ಒಂದು ಬದಿಯ ದಪ್ಪ ಮಾತ್ರ. ಹಿಮ ಅಳೆಯುವಾಗಲೂ ಇಬ್ಬರು ಗಂಟೆಗೊಮ್ಮೆ, ಹಿಮ ಕೂರಲೆಂದು ಇಟ್ಟ ಹಲಗೆ ಒರೆಸಿ ಅಳೆದು ಕೂಡಿಸಿದ್ದರು, ಆರು ಗಂಟೆಗೊಮ್ಮೆಗಿಂತ ಹೆಚ್ಚು ಒರೆಸಿದರೆ ಹಿಮ ತನ್ನ ಭಾರಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದೆ ಮೊತ್ತ ಉಬ್ಬುತ್ತದೆ. ಆ ಅಂಕಿಗಳನ್ನು ಕೈಬಿಡಲಾಯಿತು.

ಗ್ಯಾರೇಜಿನ ಘಟನೆಯ ಮೇಲೆ ಚರ್ಚೆ ದೀರ್ಘವಾಗಿ ನಡೆಯಿತು. ಜೀವಾಪಾಯದ ಬಗ್ಗೆ ಎಚ್ಚರಿಸುವ ಸಾಲು ಪಟ್ಟಿಯ ಮೊದಲಲ್ಲಿರಬೇಕು ಎಂಬುದರಲ್ಲಿ ತಕರಾರಿರಲಿಲ್ಲ. ದಾದಿ ಅಷ್ಟಕ್ಕೆ ತೃಪ್ತರಾಗಲಿಲ್ಲ. ಗುಂಪಿನ ಮಾತಿನಿಂದ ಆ ಕುಟುಂಬ ಜನರೇಟರ್ ಕೊಂಡಿತು, ಆದ್ದರಿಂದ ಅದನ್ನು ಎಲ್ಲಿಡಬೇಕು ಎಂಬುದನ್ನು ಪ್ರತ್ಯೇಕವಾಗಿ, ಬೇರೇನನ್ನೂ ಬೆರೆಸದೆ, ವಿದ್ಯುತ್ ಹೋಗುವ ಹೊತ್ತಿಗೆ ಮತ್ತೊಮ್ಮೆ ಹೇಳುವುದು ಗುಂಪಿನ ಹೊಣೆ ಎಂದರು. ಈಗ ಹಾಗೆಯೇ ನಡೆಯುತ್ತದೆ: ಮಂಜುಗಡ್ಡೆಯ ಸಾಧ್ಯತೆಯಿದ್ದ ದಿನ ಕತ್ತಲಾಗುವ ಮೊದಲು ಆ ಒಂದೇ ವಾಕ್ಯದ ಸಂದೇಶ ಹೋಗುತ್ತದೆ.

ಭಾನುವಾರದ ಚಿತ್ರದ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಐದು ದಿನಗಳಾಚೆಯ ಹಿಮದ ನಕ್ಷೆಯನ್ನು ಗುಂಪಿನೊಳಗೂ ಹಂಚಬಾರದು ಎಂಬ ನಿಯಮವನ್ನು ಕೆಲವರು ಬಯಸುತ್ತಾರೆ. ವಿದ್ಯಾರ್ಥಿಯ ನಿಲುವು ಬೇರೆ: ಆ ನಕ್ಷೆ ತಪ್ಪಾಗಿದ್ದರೂ ಶನಿವಾರವನ್ನು ಎಲ್ಲರ ಗಮನಕ್ಕೆ ತಂದದ್ದು ಅದೇ, ಅದಿಲ್ಲದಿದ್ದರೆ ಬುಧವಾರ ಸೌಂಡಿಂಗ್ ತೆಗೆದು ನೋಡುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಸದ್ಯಕ್ಕೆ ಅಂಥ ಪ್ರತಿ ನಕ್ಷೆಯ ಮೇಲೆಯೇ ಅದು ಯಾವ ಮಾದರಿಯ, ಯಾವ ದಿನದ, ಯಾವ ರನ್ ಎಂಬುದನ್ನು ಅಳಿಸಲಾಗದಂತೆ ಬರೆದು, ಜೊತೆಗೆ ಮಧ್ಯ ಕೌಂಟಿಯ ಸೌಂಡಿಂಗನ್ನೂ ಇಟ್ಟು ಹಂಚುವ ಒಪ್ಪಂದವಾಗಿದೆ. ಶಿಕ್ಷಕಿ ಇದಕ್ಕೆ ಒಂದು ಚಳಿಗಾಲದ ಮಟ್ಟಿಗೆ ಮಾತ್ರ ಸಮ್ಮತಿಸಿದ್ದಾರೆ.